ಉಪ್ಪು ಮೇಲೇಳುವ ಬಗೆ: ಧ್ರುವಪ್ರದೇಶದ ಕಡಲ ಮಂಜುಗಡ್ಡೆ ಮತ್ತು ಬಾಗಲಕೋಟೆ ಸೀಮೆಯ ಸವಳು ನೆಲ

೧. ಪ್ರವೇಶ

ಜನಪದ ವಿಜ್ಞಾನ ಎಂಬ ಪರಿಕಲ್ಪನೆ ಕನ್ನಡ ಜಾನಪದ ಅಧ್ಯಯನದಲ್ಲಿ ನೆಲೆಯೂರಿ ಹಲವು ದಶಕಗಳಾಗಿವೆ. ಮಳೆ ನಕ್ಷತ್ರ, ಬೀಜ ಸಂರಕ್ಷಣೆ, ನಾಟಿವೈದ್ಯ, ಪಶುಪಾಲನೆ ಮುಂತಾದ ವಿಷಯಗಳನ್ನು ಕುರಿತು ಸಾಕಷ್ಟು ಸಂಗ್ರಹ ನಡೆದಿದೆ. ಉಪ್ಪಿನ ಸಂಗತಿ ಹಾಗಲ್ಲ. ಉಪ್ಪು ನಮ್ಮ ಅಧ್ಯಯನಗಳಲ್ಲಿ ಹೆಚ್ಚಾಗಿ ಗಾದೆಯ ವಸ್ತುವಾಗಿ, ಋಣದ ಸಂಕೇತವಾಗಿ, ದೃಷ್ಟಿ ತೆಗೆಯುವ ಪರಿಕರವಾಗಿ ಬಂದಿದೆ. ನೆಲ, ನೀರು, ಗಾಳಿಗಳಲ್ಲಿ ಉಪ್ಪು ಹೇಗೆ ನಡೆದುಕೊಳ್ಳುತ್ತದೆ ಎಂಬುದರ ಬಗೆಗೆ ಜನಪದರಿಗೆ ಇರುವ ತಿಳಿವಳಿಕೆಯನ್ನು ಒಂದು ಜ್ಞಾನಶಾಖೆಯಾಗಿ ಪರಿಗಣಿಸಿ ನೋಡುವ ಕೆಲಸ ಇನ್ನೂ ಆಗಬೇಕಾಗಿದೆ.

ಇತ್ತ ವಾಯುಮಂಡಲ ವಿಜ್ಞಾನದಲ್ಲಿ ಕಳೆದ ಕಾಲು ಶತಮಾನದಿಂದ ಉಪ್ಪಿನ ಕುರಿತಾದ ಒಂದು ಪ್ರಶ್ನೆ ಬಹಳ ಚರ್ಚೆಗೆ ಒಳಗಾಗಿದೆ. ಧ್ರುವಪ್ರದೇಶಗಳಲ್ಲಿ ಚಳಿಗಾಲ ಬಂದಾಗ ಸಮುದ್ರದ ಮೇಲ್ಮೈ ಹೆಪ್ಪುಗಟ್ಟುತ್ತದೆ. ನೀರು ಮುಚ್ಚಿಹೋದ ಮೇಲೆ ಗಾಳಿಯಲ್ಲಿ ತೇಲುವ ಉಪ್ಪಿನ ಕಣಗಳು ಕಡಿಮೆಯಾಗಬೇಕು. ಆದರೆ ಹಲವೆಡೆ ಅವು ಹೆಚ್ಚುತ್ತವೆ. ಈ ವೈಚಿತ್ರ್ಯಕ್ಕೆ ಕಾರಣವೇನು ಎಂಬುದೇ ಆ ಪ್ರಶ್ನೆ. ಕಡಲನ್ನೇ ಕಾಣದ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಪರಿಸರಕ್ಕೂ ಈ ಪ್ರಶ್ನೆಗೂ ಮೇಲುನೋಟಕ್ಕೆ ಯಾವ ಸಂಬಂಧವೂ ಇಲ್ಲ. ಆದರೆ ಅದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉತ್ತರದ ಮುಖ್ಯ ಅಂಶವು ಈ ಸೀಮೆಯ ಒಕ್ಕಲಿಗನ ಮಾತಿನಲ್ಲಿ ಆಗಲೇ ಇದೆ: ನೀರು ಎಲ್ಲಿಂದ ಹೊರಡುತ್ತದೆಯೋ ಅಲ್ಲಿ ಉಪ್ಪು ಉಳಿಯುತ್ತದೆ, ಉಳಿದ ಉಪ್ಪು ಮೇಲೇಳುತ್ತದೆ. ಧ್ರುವಪ್ರದೇಶದ ವಿದ್ಯಮಾನವನ್ನು ವಿವರಿಸುತ್ತ, ಅದರ ಬೆಳಕಿನಲ್ಲಿ ಬಾಗಲಕೋಟೆ ಸೀಮೆಯ ಸವಳು ನೆಲದ ಅರಿವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

೨. ಕಡಲಿನಿಂದ ಗಾಳಿಗೆ

ಒಂದು ಕಿಲೋಗ್ರಾಂ ಸಮುದ್ರದ ನೀರಿನಲ್ಲಿ ಸರಾಸರಿ ೩೫ ಗ್ರಾಂ ಲವಣಗಳಿರುತ್ತವೆ. ತೂಕದ ಲೆಕ್ಕದಲ್ಲಿ ಇವುಗಳ ಬಹುಪಾಲು ಸೋಡಿಯಂ ಮತ್ತು ಕ್ಲೋರೈಡ್, ಅಂದರೆ ಅಡುಗೆಯ ಉಪ್ಪು. ಉಳಿದುದರಲ್ಲಿ ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳು ಮುಖ್ಯವಾದವು. ಗಾಳಿಯ ರಭಸಕ್ಕೆ ಅಲೆ ಒಡೆದು ನೊರೆಯಾದಾಗ ಅಸಂಖ್ಯ ಗುಳ್ಳೆಗಳು ಉಂಟಾಗುತ್ತವೆ. ಗುಳ್ಳೆಯೊಂದು ಒಡೆದಾಗ ಅದರ ತೆಳುಪೊರೆ ಚೂರುಚೂರಾಗಿ ಸಿಡಿಯುತ್ತದೆ. ಗುಳ್ಳೆಯ ತಳದಿಂದ ಸಣ್ಣ ಹನಿಗಳು ಮೇಲಕ್ಕೆ ಚಿಮ್ಮುತ್ತವೆ. ಈ ಹನಿಗಳ ನೀರು ಆರಿದ ಮೇಲೆ ಉಳಿಯುವ ಉಪ್ಪಿನ ಕಣವು ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿದ್ದು ಗಾಳಿಯಲ್ಲಿ ಬಹುದೂರ ಸಾಗಬಲ್ಲುದು. ಗಾಳಿಯಲ್ಲಿ ತೇಲುವ ಇಂಥ ಘನ ಅಥವಾ ದ್ರವ ಕಣಗಳನ್ನು ವಿಜ್ಞಾನಿಗಳು ಏರೋಸಾಲ್ ಎಂದು ಕರೆಯುತ್ತಾರೆ.

ಉಪ್ಪಿನ ಕಣಕ್ಕೂ ಮೋಡಕ್ಕೂ ಇರುವ ನಂಟನ್ನು ಮೊದಲು ಸ್ಪಷ್ಟಪಡಿಸಿದವರಲ್ಲಿ ಸ್ವೀಡನ್ನಿನ ಹಿಲ್ಡಿಂಗ್ ಕೋಲರ್ ಪ್ರಮುಖರು. ಉತ್ತರ ನಾರ್ವೆಯ ಹಾಲ್ಡೆ ಬೆಟ್ಟದ ವೀಕ್ಷಣಾಲಯದಲ್ಲಿ ಅವರು ಮೋಡದಿಂದ ಬಂಡೆಗಳ ಮೇಲೆ ಹೆಪ್ಪುಗಟ್ಟಿದ ಮಂಜನ್ನು ಕರಗಿಸಿ ಪರೀಕ್ಷಿಸಿದಾಗ ಅದರಲ್ಲಿ ಕ್ಲೋರೈಡ್ ಇರುವುದು ಕಂಡುಬಂದಿತು. ನೀರಿನ ಆವಿ ತನ್ನಷ್ಟಕ್ಕೆ ಹನಿಯಾಗುವುದು ಬಹಳ ಕಷ್ಟ. ಅದಕ್ಕೊಂದು ಬೀಜ ಬೇಕು. ನೀರನ್ನು ಎಳೆದುಕೊಳ್ಳುವ ಗುಣವುಳ್ಳ ಉಪ್ಪಿನ ಕಣ ಅಂಥ ಒಳ್ಳೆಯ ಬೀಜ. ೧೯೩೬ರಲ್ಲಿ ಪ್ರಕಟವಾದ ಅವರ ಪ್ರಬಂಧದ ಸೂತ್ರವನ್ನು ಮೋಡಗಳ ಅಧ್ಯಯನದಲ್ಲಿ ಇಂದಿಗೂ ಬಳಸಲಾಗುತ್ತಿದೆ.

೩. ಕಡಲ ಮಂಜುಗಡ್ಡೆ: ಮುಚ್ಚಳವೋ ಮೂಲವೋ

ಅಂಟಾರ್ಕ್ಟಿಕಾದ ಸುತ್ತಲಿನ ಸಮುದ್ರದಲ್ಲಿ ಫೆಬ್ರವರಿಯ ವೇಳೆಗೆ ಸುಮಾರು ೩೦ ಲಕ್ಷ ಚದರ ಕಿಲೋಮೀಟರಿನಷ್ಟಿರುವ ಮಂಜುಗಡ್ಡೆಯ ಹರವು ಸೆಪ್ಟೆಂಬರಿನ ವೇಳೆಗೆ ಸುಮಾರು ೧೮೦ ಲಕ್ಷ ಚದರ ಕಿಲೋಮೀಟರಿಗೆ ಏರುವುದು ದೀರ್ಘಕಾಲದ ಸರಾಸರಿ ಲೆಕ್ಕ. ಅಂದರೆ ಚಳಿಗಾಲದಲ್ಲಿ ತೆರೆದ ನೀರು ಕರಾವಳಿಯಿಂದ ನೂರಾರು ಕಿಲೋಮೀಟರ್ ಹಿಂದೆ ಸರಿಯುತ್ತದೆ. ಅಲೆ ಇಲ್ಲ, ನೊರೆ ಇಲ್ಲ, ಗುಳ್ಳೆ ಇಲ್ಲ. ಹೀಗಿದ್ದೂ ಕರಾವಳಿಯ ಸಂಶೋಧನಾ ಕೇಂದ್ರಗಳಲ್ಲಿ ಚಳಿಗಾಲದ ಗಾಳಿಯಲ್ಲಿ ಗಣನೀಯ ಪ್ರಮಾಣದ ಉಪ್ಪು ದೊರೆಯುತ್ತದೆ. ಖಂಡದ ಒಳಭಾಗದ ಹಿಮಪದರಗಳಲ್ಲಂತೂ ಚಳಿಗಾಲದ ಪದರದಲ್ಲಿಯೇ ಉಪ್ಪು ಹೆಚ್ಚು. ಬಿರುಗಾಳಿಯು ದೂರದ ತೆರೆದ ಸಮುದ್ರದಿಂದ ಈ ಉಪ್ಪನ್ನು ಹೊತ್ತು ತರುತ್ತದೆ ಎಂದು ಬಹುಕಾಲ ನಂಬಲಾಗಿತ್ತು.

ಈ ನಂಬಿಕೆಯನ್ನು ಅಲುಗಾಡಿಸಿದ್ದು ಸಲ್ಫೇಟಿನ ಲೆಕ್ಕ. ೧೯೯೮ರಲ್ಲಿ ವಾಗೆನ್‌ಬಾಖ್ ಮತ್ತು ಸಂಗಡಿಗರು ಅಂಟಾರ್ಕ್ಟಿಕಾದ ಕರಾವಳಿಯ ಚಳಿಗಾಲದ ಉಪ್ಪಿನ ಕಣಗಳಲ್ಲಿ ಸೋಡಿಯಂಗೆ ಹೋಲಿಸಿದರೆ ಸಲ್ಫೇಟ್ ಇರಬೇಕಾದುದಕ್ಕಿಂತ ಬಹಳ ಕಡಿಮೆ ಇರುವುದನ್ನು ತೋರಿಸಿದರು. ಅಲೆಯ ನೊರೆಯಿಂದ ಹಾರಿದ ಉಪ್ಪಿನಲ್ಲಿ ಈ ಕೊರತೆ ಇರಲಾರದು. ಕಾರಣವನ್ನು ಹೀಗೆ ವಿವರಿಸಬಹುದು. ಸಮುದ್ರದ ನೀರು ಸುಮಾರು ಮೈನಸ್ ೧.೮ ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟಲು ಆರಂಭಿಸುತ್ತದೆ. ಮಂಜುಗಡ್ಡೆಯ ಹರಳಿನೊಳಗೆ ಉಪ್ಪಿಗೆ ಜಾಗವಿಲ್ಲ. ಹೊರದೂಡಲ್ಪಟ್ಟ ಉಪ್ಪಿನ ಹೆಚ್ಚಿನ ಭಾಗ ಕೆಳಗಿನ ಸಮುದ್ರಕ್ಕೆ ಇಳಿದುಹೋಗುತ್ತದೆ. ಸ್ವಲ್ಪ ಭಾಗ ಹರಳುಗಳ ಸಂದುಗಳಲ್ಲಿ ಗಾಢವಾದ ಉಪ್ಪುನೀರಾಗಿ ಸಿಕ್ಕಿಕೊಳ್ಳುತ್ತದೆ. ಅದರಲ್ಲಿ ಒಂದು ಅಂಶ ಮೇಲ್ಮೈಗೂ ಒತ್ತಲ್ಪಡುತ್ತದೆ. ಚಳಿ ಇನ್ನೂ ಏರಿ ಮೈನಸ್ ೬.೪ ಡಿಗ್ರಿಯ ಆಸುಪಾಸಿಗೆ ಬಂದಾಗ ಆ ಗಾಢ ನೀರಿನಿಂದ ಸೋಡಿಯಂ ಸಲ್ಫೇಟ್ ಹರಳಾಗಿ ಬೇರ್ಪಡುತ್ತದೆ. ಉಳಿದ ನೀರಿನಲ್ಲಿ ಸಲ್ಫೇಟ್ ಕಡಿಮೆಯಾಗುತ್ತದೆ. ಗಾಳಿಯಲ್ಲಿ ಸಿಕ್ಕ ಉಪ್ಪು ಇದೇ ಗುರುತನ್ನು ಹೊತ್ತಿರುವುದರಿಂದ ಅದು ಮಂಜುಗಡ್ಡೆಯ ಮೇಲ್ಮೈಯಿಂದಲೇ ಎದ್ದಿರಬೇಕು ಎಂಬ ನಿರ್ಣಯಕ್ಕೆ ಬರಲಾಯಿತು.

ಎದ್ದದ್ದು ಹೇಗೆ ಎಂಬುದು ಮುಂದಿನ ಪ್ರಶ್ನೆ. ಹೊಸದಾಗಿ ಕಟ್ಟಿದ ಮಂಜುಗಡ್ಡೆಯ ಮೇಲೆ ಎಳೆಎಳೆಯಾಗಿ ಅರಳುವ ಹರಳುಗಳನ್ನು ಮಂಜಿನ ಹೂ ಎನ್ನುತ್ತಾರೆ. ಅವು ಕೆಳಗಿನ ಗಾಢ ಉಪ್ಪುನೀರನ್ನು ಬತ್ತಿಯಂತೆ ಹೀರಿಕೊಳ್ಳುವುದರಿಂದ ಸಮುದ್ರದ ನೀರಿಗಿಂತ ಮೂರುಪಟ್ಟು ಉಪ್ಪಾಗಿರುವುದುಂಟು. ಗಾಳಿಗೆ ಈ ಹೂಗಳು ಮುರಿದು ಉಪ್ಪಿನ ಕಣಗಳಾಗುತ್ತವೆ ಎಂದು ೨೦೦೨ರಲ್ಲಿ ರ‍್ಯಾಂಕಿನ್, ವೂಲ್ಫ್ ಮತ್ತು ಮಾರ್ಟಿನ್ ವಾದಿಸಿದರು. ಆದರೆ ಅನಂತರದ ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಜೋರಾದ ಗಾಳಿಗೂ ಈ ಹೂಗಳು ಅಷ್ಟಾಗಿ ಮುರಿಯಲಿಲ್ಲ. ೨೦೦೮ರಲ್ಲಿ ಯಾಂಗ್, ಪೈಲ್ ಮತ್ತು ಕಾಕ್ಸ್ ಇನ್ನೊಂದು ವಿವರಣೆಯನ್ನು ಮುಂದಿಟ್ಟರು. ಮಂಜುಗಡ್ಡೆಯ ಮೇಲೆ ಬಿದ್ದ ಹಿಮದ ತಳಭಾಗ ಕೆಳಗಿನ ಉಪ್ಪುನೀರನ್ನು ಹೀರಿಕೊಂಡು ಉಪ್ಪಾಗುತ್ತದೆ. ಬಿರುಗಾಳಿ ಆ ಹಿಮವನ್ನು ಎಬ್ಬಿಸಿ ಹಾರಿಸುತ್ತದೆ. ಹಾರುವಾಗ ಹಿಮದ ಕಣ ನೀರಾಗದೆ ನೇರವಾಗಿ ಆವಿಯಾಗಿಬಿಡುತ್ತದೆ. ಉಪ್ಪು ಮಾತ್ರ ಗಾಳಿಯಲ್ಲಿ ಉಳಿಯುತ್ತದೆ.

ಈ ಊಹೆಗೆ ನೇರ ಸಾಕ್ಷ್ಯ ದೊರೆತದ್ದು ಜರ್ಮನಿಯ ಪೋಲಾರ್‌ಸ್ಟೆರ್ನ್ ಹಡಗಿನ ಮೇಲೆ. ೨೦೧೩ರ ಅಂಟಾರ್ಕ್ಟಿಕ ಚಳಿಗಾಲದಲ್ಲಿ ವೆಡೆಲ್ ಸಮುದ್ರದ ಮಂಜುಗಡ್ಡೆಯ ನಡುವೆ ನಡೆಸಿದ ಅಳತೆಗಳು ಹಿಮ ಹಾರಿದಾಗಲೆಲ್ಲ ಉಪ್ಪಿನ ಕಣಗಳು ಏರುವುದನ್ನು ತೋರಿಸಿದವು. ಈ ಫಲಿತಾಂಶ ೨೦೨೦ರಲ್ಲಿ ಪ್ರಕಟವಾಯಿತು. ಅದೇ ಹಡಗು ೨೦೧೯ರಿಂದ ೨೦೨೦ರವರೆಗೆ ಉತ್ತರ ಧ್ರುವ ಸಾಗರದಲ್ಲಿ ಮಂಜುಗಡ್ಡೆಯೊಡನೆ ತೇಲುತ್ತ ನಡೆಸಿದ ಮೊಸಾಯಿಕ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಯಾತ್ರೆಯ ದತ್ತಾಂಶವನ್ನು ಆಧರಿಸಿ ೨೦೨೩ರಲ್ಲಿ ಪ್ರಕಟವಾದ ಅಧ್ಯಯನವು, ಹಾರುವ ಹಿಮದಿಂದ ಬಹಳ ಸೂಕ್ಷ್ಮವಾದ ಉಪ್ಪಿನ ಕಣಗಳು ಹೇರಳವಾಗಿ ಹುಟ್ಟುತ್ತವೆಂದೂ ಅವು ಮೋಡದ ಬೀಜಗಳಾಗಿ ಚಳಿಗಾಲದ ಮೋಡಗಳ ಗುಣವನ್ನೇ ಬದಲಿಸಿ ನೆಲದ ಶಾಖ ಆಕಾಶಕ್ಕೆ ಹೋಗದಂತೆ ತಡೆಯಬಲ್ಲವೆಂದೂ ತಿಳಿಸಿತು.

ಮುಚ್ಚಳವೆಂದು ತಿಳಿದದ್ದೇ ಮೂಲವಾಗಿರುವುದು ಇಲ್ಲಿನ ಮುಖ್ಯ ಸಂಗತಿ. ಇದರ ಪ್ರಯೋಜನ ಭೂತಕಾಲದ ಅಧ್ಯಯನಕ್ಕೂ ಉಂಟು. ಅಂಟಾರ್ಕ್ಟಿಕಾದ ಡೋಮ್ ಸಿ ಎಂಬಲ್ಲಿ ಕೊರೆದು ತೆಗೆದ ಹಿಮಸ್ತಂಭವು ಎಂಟು ಲಕ್ಷ ವರ್ಷಗಳಷ್ಟು ಹಿಂದಿನ ಹಿಮವನ್ನು ಒಳಗೊಂಡಿದೆ. ಅದರಲ್ಲಿನ ಸೋಡಿಯಂ ಪ್ರಮಾಣವನ್ನು ಆಯಾ ಕಾಲದ ಕಡಲ ಮಂಜುಗಡ್ಡೆಯ ಹರವನ್ನು ಅರಿಯುವ ಕುರುಹಾಗಿ ವಿಜ್ಞಾನಿಗಳು ಬಳಸಿದ್ದಾರೆ. ಉಪ್ಪು ಇಲ್ಲಿ ಒಂದು ಬಗೆಯ ಶಾಸನ.

೪. ಬಾಗಲಕೋಟೆ ಸೀಮೆಯ ಸವಳು

ಚಳಿಯ ಜಾಗದಲ್ಲಿ ಬಿಸಿಲನ್ನು, ಸಮುದ್ರದ ಜಾಗದಲ್ಲಿ ಎರೆಭೂಮಿಯನ್ನು ಇಟ್ಟು ನೋಡಿದರೆ ಇದೇ ಕ್ರಿಯೆ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಬಯಲಿನಲ್ಲಿ ಕಾಣಸಿಗುತ್ತದೆ. ೧೯೯೭ರ ಆಗಸ್ಟ್ ೧೫ರಂದು ಅಖಂಡ ವಿಜಾಪುರ ಜಿಲ್ಲೆಯಿಂದ ಬೇರ್ಪಟ್ಟ ಬಾಗಲಕೋಟೆ ಜಿಲ್ಲೆ ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ವಾರ್ಷಿಕ ಸರಾಸರಿ ಮಳೆ ೬೦೦ ಮಿಲಿಮೀಟರಿಗೂ ಕಡಿಮೆ. ಬಾದಾಮಿಯ ಮರಳುಗಲ್ಲಿನ ಬೆಟ್ಟಗಳ ಮಗ್ಗುಲಲ್ಲಿ ಕೆಂಪು ಮಸಾರಿ ನೆಲ. ಹುನಗುಂದದ ಕಡೆಗೆ ಆಳವಾದ ಎರೆ. ಇಳಕಲ್ಲ ಸುತ್ತಮುತ್ತ ಕೆಂಪುಗಲ್ಲಿನ ದಿಣ್ಣೆಗಳ ನಡುವೆ ಎರೆಯೂ ಮಸಾರಿಯೂ ಬೆರೆತ ನೆಲ. ಮಳೆ ಕಡಿಮೆ ಇರುವಲ್ಲಿ ಮಣ್ಣಿನ ಲವಣಗಳು ಪೂರ್ತಿಯಾಗಿ ತೊಳೆದುಹೋಗುವುದಿಲ್ಲ. ಮಳೆಯ ನೀರು ಅವನ್ನು ಕರಗಿಸಿ ಒಂದಷ್ಟು ಕೆಳಕ್ಕೆ ಒಯ್ಯುತ್ತದೆ. ಬೇಸಿಗೆಯ ಬಿಸಿಲು ಆ ನೀರನ್ನು ಮತ್ತೆ ಮೇಲಕ್ಕೆ ಎಳೆಯುತ್ತದೆ. ಮಣ್ಣಿನ ಸೂಕ್ಷ್ಮರಂಧ್ರಗಳ ಮೂಲಕ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ನೀರು ಏರುವ ಈ ಕ್ರಿಯೆಗೆ ಕೇಶಾಕರ್ಷಣ ಎಂದು ಹೆಸರು. ನೀರು ಆವಿಯಾಗಿ ಹೋಗುತ್ತದೆ. ಉಪ್ಪು ನೆಲದ ಮೇಲೆ ಬೆಳ್ಳನೆಯ ಪೊರೆಯಾಗಿ ನಿಲ್ಲುತ್ತದೆ.

ಈ ಪೊರೆಗೂ ಅದು ಮೂಡುವ ನೆಲಕ್ಕೂ ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಸವಳು, ಚೌಳು, ಕರಲು ಎಂಬ ಪದಗಳಿವೆ. ನೀರು ಜಿನುಗಿ ನಿಂತ ನೆಲಕ್ಕೆ ಜವಳು ಎಂದು ಹೆಸರು. ಸವಳು-ಜವಳು ಎಂಬ ಜೋಡುಪದ ಇಂದು ಸರ್ಕಾರಿ ಯೋಜನೆಗಳ ಭಾಷೆಯಲ್ಲಿಯೂ ಸೇರಿದೆ. ಇದು ಅರ್ಥಪೂರ್ಣವಾದ ಜೋಡಣೆಯಾಗಿದೆ. ಜವಳು ಕಾರಣ, ಸವಳು ಪರಿಣಾಮ. ಕೆಳಗೆ ನೀರು ನಿಲ್ಲದೆ ಮೇಲೆ ಉಪ್ಪು ಏಳದು ಎಂಬ ಕಾರ್ಯಕಾರಣ ಸಂಬಂಧವನ್ನು ಈ ಜೋಡುಪದ ಅಡಗಿಸಿಕೊಂಡಿದೆ. ಬಳಕೆಯಲ್ಲಿರುವ ಕ್ರಿಯಾಪದಗಳೂ ಗಮನಾರ್ಹವಾಗಿವೆ. ಹೊಲಕ್ಕೆ ಸವಳು ಹತ್ತುತ್ತದೆ, ಉಪ್ಪು ಏಳುತ್ತದೆ ಎನ್ನುತ್ತಾರೆ. ಕಲ್ಲು-ಮಣ್ಣಿನ ಮನೆಗಳ ಗೋಡೆಯ ಬುಡಕ್ಕೆ ಸವಳು ಹತ್ತಿ ಮಣ್ಣು ಉದುರುವುದಕ್ಕೂ ಇದೇ ಮಾತು. ಉಪ್ಪು ಮೇಲಿನಿಂದ ಬಂದು ಬೀಳುವ ವಸ್ತುವಲ್ಲ, ಕೆಳಗಿನಿಂದ ಏರಿ ಬರುವ ವಸ್ತು ಎಂಬ ಗ್ರಹಿಕೆ ಭಾಷೆಯಲ್ಲಿಯೇ ನೆಲೆಗೊಂಡಿದೆ. ಬಟ್ಟೆ ಒಗೆಯುವ ಅಗಸರು ಕ್ಷಾರಗುಣದ ಚೌಳುಮಣ್ಣನ್ನು ಸಾಬೂನಿಗೆ ಮುಂಚಿನ ಕಾಲದಲ್ಲಿ ಕೊಳೆ ತೆಗೆಯಲು ಬಳಸುತ್ತಿದ್ದರು. ಒಕ್ಕಲಿಗನಿಗೆ ಕೇಡಾದ ಮಣ್ಣು ಅಗಸನಿಗೆ ಸಾಧನವಾಗಿತ್ತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಚಿತ್ರ ಬದಲಾಯಿತು. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೂ, ಹಿಡಕಲ್ಲಿನಲ್ಲಿ ಘಟಪ್ರಭೆಗೂ, ಆಲಮಟ್ಟಿ ಮತ್ತು ನಾರಾಯಣಪುರಗಳಲ್ಲಿ ಕೃಷ್ಣೆಗೂ ಅಣೆಕಟ್ಟುಗಳಾದವು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಹಲವು ಭಾಗಗಳು ಮುಳುಗಿ ನವನಗರ ನಿರ್ಮಾಣವಾದುದು ಎಲ್ಲರಿಗೂ ತಿಳಿದ ಸಂಗತಿ. ಕಾಲುವೆಯ ನೀರು ಬಂದ ಎರೆಹೊಲಗಳಲ್ಲಿ ಕಬ್ಬು ಬಂದಿತು. ಅದರ ಬೆನ್ನಿಗೆ ಸವಳೂ ಬಂದಿತು. ಎರೆಮಣ್ಣಿನಲ್ಲಿ ನೀರು ಬಸಿಯುವುದು ನಿಧಾನ. ಅತಿಯಾಗಿ ಹಾಯಿಸಿದ ನೀರು ಕೆಳಗೆ ಸೇರುತ್ತ ಹೋಗಿ ಅಂತರ್ಜಲದ ಮಟ್ಟ ನೆಲದ ಸಮೀಪಕ್ಕೆ ಏರಿದರೆ ಕೇಶಾಕರ್ಷಣಕ್ಕೆ ದಾರಿ ಸುಗಮವಾಗುತ್ತದೆ. ಮಣ್ಣಿನ ದ್ರಾವಣದ ವಿದ್ಯುತ್ ವಾಹಕತೆ ಪ್ರತಿ ಮೀಟರಿಗೆ ೪ ಡೆಸಿಸೀಮನ್ಸ್ ದಾಟಿದರೆ ಮಣ್ಣುವಿಜ್ಞಾನಿಗಳು ಅದನ್ನು ಲವಣಯುಕ್ತ ಮಣ್ಣು ಎಂದು ವರ್ಗೀಕರಿಸುತ್ತಾರೆ. ೧೯೮೦ರ ನರಗುಂದ-ನವಲಗುಂದ ರೈತ ಹೋರಾಟದ ಮುಖ್ಯ ಬೇಡಿಕೆ ಅಭಿವೃದ್ಧಿ ಕರದ ರದ್ದತಿಯಾಗಿದ್ದರೂ ಮಲಪ್ರಭಾ ಕಾಲುವೆಯ ನೀರಿನಿಂದ ಹೊಲಗಳು ಕೆಟ್ಟ ಅಸಮಾಧಾನವೂ ಅದರ ಹಿನ್ನೆಲೆಯಲ್ಲಿತ್ತು ಎಂಬುದನ್ನು ಮರೆಯಲಾಗದು.

೫. ಉಪ್ಪಾರರ ಅರಿವು

ನೆಲದಿಂದ ಏಳುವ ಉಪ್ಪನ್ನು ವೃತ್ತಿಯಾಗಿ ಅರಿತವರು ಉಪ್ಪಾರರು. ೧೯೦೯ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ ಅವರ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಈ ಸಮುದಾಯದ ಬಗೆಗೆ ವಿವರಗಳಿದ್ದು, ನೆಲದ ಉಪ್ಪಿನ ತಯಾರಿಕೆ ಅವರ ಮೂಲವೃತ್ತಿಯಾಗಿತ್ತೆಂದು ಹೇಳಲಾಗಿದೆ. ಈ ತಯಾರಿಕೆಯ ಕ್ರಮ ಸರಳವಾದರೂ ಸೂಕ್ಷ್ಮ ಗಮನಿಕೆಯನ್ನು ಬೇಡುವಂಥದು. ಬೇಸಿಗೆಯಲ್ಲಿ ಬೆಳ್ಳಗೆ ಪೊರೆಗಟ್ಟಿದ ಮೇಲ್ಮಣ್ಣನ್ನು ಮಾತ್ರ ಕೆರೆದು ಒಟ್ಟುವುದು. ಎತ್ತರದಲ್ಲಿ ಕಟ್ಟಿದ ತೊಟ್ಟಿಯಲ್ಲಿ ಆ ಮಣ್ಣನ್ನು ತುಂಬಿ ನೀರು ಹೊಯ್ಯುವುದು. ಬಸಿದ ಉಪ್ಪುನೀರನ್ನು ಕೆಳಗಿನ ಗುಂಡಿಯಲ್ಲಿ ಹಿಡಿಯುವುದು. ಅದನ್ನು ಆಳವಿಲ್ಲದ ಪಾತಿಗಳಲ್ಲಿ ಹರಡಿ ಬಿಸಿಲಿಗೆ ಆರಿಸುವುದು. ಆಳಕ್ಕೆ ಅಗೆದರೆ ಉಪ್ಪು ಸಿಗದು, ಮೇಲ್ಪೊರೆಯಲ್ಲಿಯೇ ಅದು ಸಾಂದ್ರವಾಗಿರುತ್ತದೆ ಎಂಬುದೂ, ಮಳೆ ಬಿದ್ದರೆ ಅದು ಮತ್ತೆ ಇಳಿದುಹೋಗುತ್ತದೆ ಎಂಬುದೂ ಈ ವೃತ್ತಿಯ ಮೂಲಪಾಠಗಳು.

ಈ ಜ್ಞಾನಪರಂಪರೆ ತಾನಾಗಿ ಕ್ಷೀಣಿಸಲಿಲ್ಲ. ೧೮೮೨ರ ಉಪ್ಪಿನ ಕಾಯಿದೆ ಮತ್ತು ಅದರ ಜೊತೆಗಿನ ಪ್ರಾಂತೀಯ ನಿರ್ಬಂಧಗಳು ಉಪ್ಪನ್ನು ಸರ್ಕಾರದ ಏಕಸ್ವಾಮ್ಯಕ್ಕೆ ಒಳಪಡಿಸಿದವು. ನೆಲದ ಉಪ್ಪನ್ನು ತೆಗೆಯುವುದು ಅಪರಾಧವಾದಾಗ ಉಪ್ಪಾರರು ಕಟ್ಟಡದ ಕೆಲಸ, ಕಲ್ಲು-ಮಣ್ಣಿನ ಕೆಲಸ, ಬೇಸಾಯಗಳ ಕಡೆಗೆ ಹೊರಳಿದರು. ೧೯೩೦ರ ಏಪ್ರಿಲ್‌ನಲ್ಲಿ ಅಂಕೋಲೆಯ ಕಡಲತಡಿಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹ ಕರ್ನಾಟಕದ ಇತಿಹಾಸದಲ್ಲಿ ಉಜ್ವಲವಾಗಿ ದಾಖಲಾಗಿದೆ. ಆದರೆ ಒಳನಾಡಿನ ಉಪ್ಪು ಕಳೆದುಕೊಂಡವರ ಕಥೆ ಅಷ್ಟಾಗಿ ದಾಖಲಾಗಿಲ್ಲ. ೧೯೪೭ರಲ್ಲಿ ಉಪ್ಪಿನ ತೆರಿಗೆ ರದ್ದಾಗುವ ವೇಳೆಗೆ ಕಡಲುಪ್ಪು ಎಲ್ಲೆಡೆಗೂ ತಲುಪಿತ್ತು. ವೃತ್ತಿ ಹೋಯಿತು, ಸಮುದಾಯದ ಹೆಸರಿನಲ್ಲಿ ಮಾತ್ರ ಉಪ್ಪು ಉಳಿಯಿತು.

೬. ಉಪ್ಪು ನೀರು ಕುಡಿಯುವುದು

ಉಪ್ಪು ಮೇಲೇಳುವುದು ಈ ಕ್ರಿಯೆಯ ಒಂದು ಮುಖವಾದರೆ ಎದ್ದ ಉಪ್ಪು ನೀರನ್ನು ಸೆಳೆಯುವುದು ಇನ್ನೊಂದು ಮುಖ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ಕರ್ಮಫಲದ ಅರ್ಥದಲ್ಲಿ ಬಳಸುತ್ತಾರೆ. ಆದರೆ ಗಾದೆಯ ಆಧಾರ ಭೌತಿಕವಾದುದು: ಉಪ್ಪಿಗೂ ನೀರಿಗೂ ಬಿಡದ ನಂಟು. ಗಡಿಗೆಯ ಉಪ್ಪು ಪಸೆಯೊಡೆದರೆ ಮಳೆ ಹತ್ತಿರ ಬಂದಿತೆಂದು ಹಳ್ಳಿಯ ಹೆಣ್ಣುಮಕ್ಕಳು ಹೇಳುವುದುಂಟು. ಶುದ್ಧ ಸೋಡಿಯಂ ಕ್ಲೋರೈಡ್ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ ೭೫ಕ್ಕೆ ಏರಿದಾಗ ತೇವವನ್ನು ಹೀರಿ ಕರಗತೊಡಗುತ್ತದೆ. ಹರಳುಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇಕಡಾ ೩೩ರ ಆಸುಪಾಸಿನ ಆರ್ದ್ರತೆಯೇ ಸಾಕು. ಆದ್ದರಿಂದ ಹರಳುಪ್ಪು ಶುದ್ಧ ಉಪ್ಪಿಗಿಂತ ಬೇಗ ಒದ್ದೆಯಾಗುತ್ತದೆ. ಅಡುಗೆಮನೆಯ ಗಡಿಗೆ ಹೀಗೆ ಒಂದು ಆರ್ದ್ರತಾಮಾಪಕವಾಗಿ ಕೆಲಸ ಮಾಡುತ್ತಿತ್ತು. ಶುದ್ಧೀಕರಿಸಿ, ಒದ್ದೆಯಾಗದಂತೆ ಸಂಸ್ಕರಿಸಿ ಪೊಟ್ಟಣಗಳಲ್ಲಿ ಮಾರುವ ಪುಡಿಯುಪ್ಪು ಬಂದ ಮೇಲೆ ಆ ಸೂಚನೆ ಮನೆಮನೆಗಳಿಂದ ಮರೆಯಾಗುತ್ತಿದೆ.

ದೃಷ್ಟಿ ತೆಗೆದ ಉಪ್ಪನ್ನು ಒಲೆಗೆ ಹಾಕಿದಾಗ ಅದು ಚಟಪಟನೆ ಸಿಡಿಯುತ್ತದೆ. ಕೆಟ್ಟ ಕಣ್ಣು ಸಿಡಿಯಿತೆಂದು ಭಾವಿಸಲಾಗುತ್ತದೆ. ಹರಳುಗಟ್ಟುವಾಗ ಉಪ್ಪಿನೊಳಗೆ ಸಿಕ್ಕಿಕೊಂಡ ಉಪ್ಪುನೀರಿನ ಸೂಕ್ಷ್ಮ ಹನಿಗಳು ಕಾದು ಆವಿಯಾಗಿ ಹರಳನ್ನು ಒಡೆಯುವುದು ಇದಕ್ಕೆ ಕಾರಣ. ಕಡಲ ಮಂಜುಗಡ್ಡೆಯ ಹರಳುಗಳ ಸಂದಿನಲ್ಲಿಯೂ ಉಪ್ಪುನೀರು ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಮೇಲೆ ಗಮನಿಸಲಾಗಿದೆ. ಒಲೆಯ ಮುಂದಿನ ಆಚರಣೆಯೂ ಧ್ರುವದ ಮಂಜುಗಡ್ಡೆಯೂ ಬೇರೆಬೇರೆ ಲೋಕಗಳಾದರೂ ಹರಳುಗಟ್ಟುವಿಕೆಯ ನಿಯಮ ಎರಡರಲ್ಲಿಯೂ ಕೆಲಸ ಮಾಡುತ್ತದೆ.

ಬಾಗಲಕೋಟೆ ಸೀಮೆಯ ಮಳೆಯಲ್ಲಿಯೂ ಕಡಲಿನ ಉಪ್ಪಿಗೆ ಪಾಲುಂಟು. ಮುಂಗಾರಿನಲ್ಲಿ ಅರಬ್ಬೀ ಸಮುದ್ರದಿಂದ ಬೀಸುವ ಪಡುವಣ ಗಾಳಿ ನೀರಿನ ಆವಿಯೊಡನೆ ಉಪ್ಪಿನ ಕಣಗಳನ್ನೂ ಹೊತ್ತು ತರುತ್ತದೆ. ಕಾರವಾರದಿಂದ ಬಾಗಲಕೋಟೆಗೆ ನೇರ ಅಂತರ ೨೦೦ ಕಿಲೋಮೀಟರಿಗೂ ಹೆಚ್ಚು. ದೊಡ್ಡ ಕಣಗಳ ಬಹುಪಾಲು ಸಹ್ಯಾದ್ರಿಯ ಮಳೆಯಲ್ಲಿಯೇ ತೊಳೆದುಹೋಗುತ್ತದೆ. ಅಳಿದುಳಿದವು ಘಟ್ಟ ದಾಟಿ ಒಳನಾಡಿನ ದೂಳು-ಹೊಗೆಗಳ ಕಣಗಳೊಡನೆ ಬೆರೆಯುತ್ತವೆ. ಉಪ್ಪಿನ ಈ ಗುಣವನ್ನೇ ಮೋಡಬಿತ್ತನೆಯಲ್ಲಿ ಬಳಸಿಕೊಳ್ಳಲು ಯತ್ನಿಸಲಾಗಿದೆ. ಕರ್ನಾಟಕ ಸರ್ಕಾರವು ೨೦೦೩ರಲ್ಲಿ ವರುಣ, ೨೦೧೭ರಲ್ಲಿ ವರ್ಷಧಾರಿ ಎಂಬ ಹೆಸರಿನಲ್ಲಿ ಮೋಡಬಿತ್ತನೆಯ ಕಾರ್ಯಕ್ರಮಗಳನ್ನು ನಡೆಸಿತು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯು ೨೦೧೮ ಮತ್ತು ೨೦೧೯ರ ಮಳೆಗಾಲಗಳಲ್ಲಿ ನೆರೆಯ ಸೊಲ್ಲಾಪುರದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಲವಣವನ್ನು ಮೋಡಗಳ ಬುಡದಲ್ಲಿ ಸಿಂಪಡಿಸಿ ಪ್ರಯೋಗ ನಡೆಸಿತು. ಯೋಗ್ಯವಾದ ಮೋಡಗಳಿದ್ದಾಗ ಕೆಲವು ಸ್ಥಳಗಳಲ್ಲಿ ಮಳೆ ಹೆಚ್ಚಿತೆಂಬುದು ಅದರ ಫಲಿತಾಂಶ. ಮೋಡವೇ ಇಲ್ಲದಲ್ಲಿ ಉಪ್ಪು ಮಳೆ ತರಿಸಲಾರದು.

ನೆಲದಿಂದ ಗಾಳಿಗೆ ಉಪ್ಪು ಏರುವುದಕ್ಕೂ ಭಾರತದಲ್ಲಿ ಹಳೆಯ ಅಧ್ಯಯನವೊಂದಿದೆ. ರಾಜಸ್ಥಾನದ ಸಾಂಭರ್ ಸರೋವರದ ಉಪ್ಪು ಎಲ್ಲಿಂದ ಬಂದಿತೆಂಬುದನ್ನು ಪರಿಶೀಲಿಸಿದ ಹಾಲೆಂಡ್ ಮತ್ತು ಕ್ರಿಸ್ಟಿ ೧೯೦೯ರಲ್ಲಿ, ಬೇಸಿಗೆಯ ಗಾಳಿ ಕಚ್ಛದ ರಣದಿಂದ ಉಪ್ಪಿನ ದೂಳನ್ನು ಹೊತ್ತು ಒಳನಾಡಿಗೆ ತರುತ್ತದೆ ಎಂದು ಪ್ರತಿಪಾದಿಸಿದರು. ಅನಂತರದ ಸಂಶೋಧಕರು ಈ ವಾದವನ್ನು ಪೂರ್ತಿಯಾಗಿ ಒಪ್ಪಲಿಲ್ಲವಾದರೂ ಗಾಳಿಯನ್ನು ಉಪ್ಪಿನ ವಾಹಕವಾಗಿ ಅಳೆದು ನೋಡಿದ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಮಧ್ಯ ಏಷ್ಯಾದ ಅರಲ್ ಸಮುದ್ರ ಬತ್ತಿದ ಮೇಲೆ ಅದರ ತಳದಿಂದ ಏಳುವ ಉಪ್ಪುದೂಳು ಸುತ್ತಲಿನ ಹೊಲಗಳಿಗೂ ಜನರ ಆರೋಗ್ಯಕ್ಕೂ ಹಾನಿ ಮಾಡಿರುವುದು ಇಪ್ಪತ್ತನೆಯ ಶತಮಾನದ ದೊಡ್ಡ ದುರಂತಗಳಲ್ಲೊಂದು.

೭. ಹೋಲಿಕೆಯ ಮಿತಿ

ಇಲ್ಲಿ ಒಂದು ಎಚ್ಚರ ಅಗತ್ಯ. ಧ್ರುವದ ಮಂಜುಗಡ್ಡೆಯಿಂದ ಎದ್ದ ಉಪ್ಪು ಬಾಗಲಕೋಟೆಯ ಮೋಡವನ್ನು ತಲುಪುತ್ತದೆ ಎಂದು ಹೇಳಲು ಆಧಾರವಿಲ್ಲ. ಅಲ್ಲಿ ನೀರನ್ನು ಕಸಿಯುವುದು ಚಳಿ; ಇಲ್ಲಿ ಬಿಸಿಲು. ಅಲ್ಲಿ ಉಪ್ಪು ಸಮುದ್ರದ್ದು. ಇಲ್ಲಿ ಕಲ್ಲು ಕರಗಿ ಮಣ್ಣಾದಾಗ ಉಳಿದದ್ದು ಮತ್ತು ಕಾಲುವೆಯ ನೀರು ತಂದದ್ದು. ಅಲ್ಲಿ ಉಪ್ಪು ಗಾಳಿಗೆ ಏರಿ ಮೋಡದ ಬೀಜವಾಗುತ್ತದೆ. ಇಲ್ಲಿನ ಸವಳಿನ ಹೆಚ್ಚಿನ ಪಾಲು ಹೊಲದಲ್ಲಿಯೇ ಉಳಿದು ಬೆಳೆಯ ಬೇರಿಗೆ ನೀರು ದಕ್ಕದಂತೆ ಮಾಡುತ್ತದೆ. ಜನಪದರು ಧ್ರುವವಿಜ್ಞಾನವನ್ನು ಮೊದಲೇ ಅರಿತಿದ್ದರು ಎಂದು ಹೇಳುವುದು ಇಲ್ಲಿನ ಆಶಯವಲ್ಲ. ಅಂಥ ಹೆಮ್ಮೆಯ ಮಾತಿನಿಂದ ಜಾನಪದಕ್ಕೂ ವಿಜ್ಞಾನಕ್ಕೂ ಲಾಭವಿಲ್ಲ. ಎರಡೂ ಕಡೆ ಕೆಲಸ ಮಾಡುವ ಒಂದು ನಿಯಮವನ್ನು ಒಂದು ಸಮುದಾಯ ತನ್ನ ದಿನಬಳಕೆಯ ಪದಗಳಲ್ಲಿ ಹಿಡಿದಿಟ್ಟಿದೆ ಎಂಬುದಷ್ಟೇ ಇಲ್ಲಿ ಸಾಧಿಸಬಹುದಾದ ಸಂಗತಿ.

೮. ಪದಗಳ ಸಂಗ್ರಹದ ಅಗತ್ಯ

ಧ್ರುವಪ್ರದೇಶದಲ್ಲಿಯೂ ಜನಪದರಿದ್ದಾರೆ. ಉತ್ತರದ ಇನ್ಯೂಟ್ ಜನ ಕಡಲ ಮಂಜುಗಡ್ಡೆಯನ್ನು ಸಿಕು ಎನ್ನುತ್ತಾರೆ. ಹೊಸ ಮಂಜುಗಡ್ಡೆ ಉಪ್ಪು, ವರ್ಷಗಳು ಕಳೆದ ಹಳೆಯ ಮಂಜುಗಡ್ಡೆ ಸಿಹಿ ಎಂಬುದು ಅವರಿಗೆ ಗೊತ್ತು. ಹಳೆಯದನ್ನು ಕರಗಿಸಿ ಕುಡಿಯುವ ನೀರಾಗಿ ಬಳಸುತ್ತಾರೆ. ಉಪ್ಪುನೀರು ಕಾಲಕ್ರಮದಲ್ಲಿ ಬಸಿದುಹೋಗುವುದರಿಂದ ಹೀಗಾಗುತ್ತದೆ ಎಂಬುದು ಇದರ ವೈಜ್ಞಾನಿಕ ವಿವರಣೆ. ೨೦೦೭-೦೮ರ ಅಂತರರಾಷ್ಟ್ರೀಯ ಧ್ರುವ ವರ್ಷದ ಅಂಗವಾಗಿ ಇಗೋರ್ ಕ್ರುಪ್ನಿಕ್ ಮತ್ತು ಸಂಗಡಿಗರು ಉತ್ತರ ಧ್ರುವದ ಹಲವು ಸಮುದಾಯಗಳಿಂದ ಮಂಜುಗಡ್ಡೆಯ ಪದಗಳನ್ನು ಸಂಗ್ರಹಿಸಿದರು. ಆ ಕೆಲಸದ ಗ್ರಂಥ ೨೦೧೦ರಲ್ಲಿ ಹೊರಬಂದಿತು. ಅಲಾಸ್ಕಾದ ಒಂದೇ ಹಳ್ಳಿಯಲ್ಲಿ ನೂರಕ್ಕೂ ಹೆಚ್ಚು ಪದಗಳು ದೊರೆತವು. ಮಂಜುಗಡ್ಡೆ ಕುಗ್ಗುತ್ತಿರುವಾಗ ಅದರ ಪದಗಳೂ ಹೋಗುತ್ತವೆ ಎಂಬ ಕಳವಳವೇ ಈ ಕಾರ್ಯಕ್ಕೆ ಪ್ರೇರಣೆಯಾಗಿತ್ತು.

ಬಾಗಲಕೋಟೆ ಸೀಮೆಯ ಸ್ಥಿತಿ ಇದಕ್ಕೆ ತಿರುಗುಮುರುಗಾಗಿದೆ. ಇಲ್ಲಿ ಸವಳು ಹೆಚ್ಚುತ್ತಿದೆ, ಸವಳಿನ ಅರಿವು ಕಡಿಮೆಯಾಗುತ್ತಿದೆ. ಯಾವ ಹುಲ್ಲು ಮೊದಲು ಕಾಣಿಸಿಕೊಂಡರೆ ಹೊಲ ಕೆಡುವ ಸೂಚನೆ, ಯಾವ ತಿಂಗಳಲ್ಲಿ ಪೊರೆ ಬಿಳಿಯಾಗುತ್ತದೆ, ಯಾವ ಬಾವಿಯ ನೀರು ಯಾವಾಗ ಸವಳಾಯಿತು, ಸವಳು ಹತ್ತಿದ ಹೊಲಕ್ಕೆ ಹಿರಿಯರು ಏನು ಮಾಡುತ್ತಿದ್ದರು ಎಂಬಂಥ ತಿಳಿವಳಿಕೆ ಒಕ್ಕಲಿಗರು, ಉಪ್ಪಾರರು, ಅಗಸರು, ಗೋಡೆ ಕಟ್ಟುವವರು, ನೀರು ಹೊತ್ತ ಹೆಣ್ಣುಮಕ್ಕಳು ಇವರಲ್ಲಿ ಹಂಚಿಹೋಗಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲವಣಯುಕ್ತ ಮಣ್ಣಿನ ಸುಧಾರಣೆಯ ಕುರಿತು ದೀರ್ಘಕಾಲದಿಂದ ಸಂಶೋಧನೆ ನಡೆದಿದೆ. ನೆಲದಡಿಯ ಬಸಿಗಾಲುವೆಗಳ ಮೂಲಕ ಉಪ್ಪುನೀರನ್ನು ಹೊರಹಾಕುವುದು ಅಲ್ಲಿನ ಮುಖ್ಯ ಉಪಾಯಗಳಲ್ಲೊಂದು. ಮಣ್ಣುವಿಜ್ಞಾನಿಯ ಅಳತೆಯೊಂದಿಗೆ ಊರಿನ ಪದವನ್ನೂ ಜೋಡಿಸಿಟ್ಟರೆ, ಅಳತೆಯ ಉಪಕರಣ ತಲುಪುವ ಮುನ್ನವೇ ಹೊಲ ಕೆಡುವ ಸುಳಿವು ಹಿಡಿಯಲು ಸಾಧ್ಯವಾದೀತು. ನದಿ, ಕಾಲುವೆ, ಎರೆ, ಮಸಾರಿಗಳ ವ್ಯತ್ಯಾಸವನ್ನು ಗಮನದಲ್ಲಿಟ್ಟು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ತಾಲೂಕುಗಳಲ್ಲಿ ಇಂಥ ಪದಗಳ ಕ್ಷೇತ್ರಕಾರ್ಯ ನಡೆಯಬೇಕು. ಹಿರಿಯ ತಲೆಮಾರಿನ ಹೇಳಿಕೆಗಾರರು ಇರುವಾಗಲೇ ಆಗಬೇಕಾದ ಕೆಲಸವಿದು.

ಒಟ್ಟಿನಲ್ಲಿ, ಕಡಲ ಮಂಜುಗಡ್ಡೆಯನ್ನು ಉಪ್ಪಿನ ಮುಚ್ಚಳವೆಂದು ಬಗೆದ ವಿಜ್ಞಾನ ಅದು ಉಪ್ಪಿನ ಮೂಲವೂ ಹೌದೆಂದು ಅರಿಯಲು ಚಳಿಗಾಲದ ಕಡಲಿಗೇ ಹೋಗಿ ನಿಲ್ಲಬೇಕಾಯಿತು. ಕಾಲುವೆಯ ನೀರನ್ನು ವರವೆಂದು ಮಾತ್ರ ಬಗೆದ ನೀರಾವರಿಯ ಯೋಜನೆಗಳೂ ಅದರ ಬೆನ್ನಿಗೆ ಏಳುವ ಉಪ್ಪನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ತಡವಾಯಿತು. ನೀರು ಹೋದರೂ ಉಪ್ಪು ಹೋಗುವುದಿಲ್ಲ ಎಂಬ ಮಾತನ್ನು ಹೊಲದ ಬದುವಿನಲ್ಲಿ ನಿಂತವರು ಹೇಳುತ್ತ ಬಂದಿದ್ದರು. ಅದನ್ನು ಬರೆದಿಡುವ ಹೊಣೆ ಜಾನಪದ ಅಧ್ಯಯನದ್ದಾಗಿದೆ.